ಅಕ್ಷರದಷ್ಟೇ ಅಂಕೆಯೂ: ಉನ್ನತ ಶಿಕ್ಷಣದ ಧನಸಹಾಯ ಮತ್ತು ತಂದೆತಾಯಿಯರ ಹೊಣೆ



ಪಂಪನ ಆದಿಪುರಾಣವನ್ನು ಓದಿದವರಿಗೆ, ಇಲ್ಲವೇ ಬಸದಿಯ ಪ್ರವಚನದಲ್ಲಿ ಅದರ ಕಥೆಯನ್ನು ಕೇಳಿದವರಿಗೆ ಒಂದು ಪ್ರಸಂಗ ಮರೆಯುವಂಥದಲ್ಲ. ಆದಿದೇವನು ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಬ್ರಾಹ್ಮಿಗೆ ಅಕ್ಷರವನ್ನೂ ಸೌಂದರಿಗೆ ಅಂಕೆಯನ್ನೂ ಕಲಿಸಿದನು. ಜೈನ ಪರಂಪರೆಯಲ್ಲಿ ವಿದ್ಯೆಯ ಆರಂಭವೇ ತಂದೆಯೊಬ್ಬನು ಹೆಣ್ಣುಮಕ್ಕಳಿಗೆ ಕೊಟ್ಟ ಪಾಠದಿಂದ. ಈ ಪ್ರಸಂಗವನ್ನು ಸಮಾಜವು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಹೇಳಿಕೊಳ್ಳುವಾಗ ಅಕ್ಷರದ ಮಾತು ಹೆಚ್ಚು ಬರುತ್ತದೆ, ಅಂಕೆಯ ಮಾತು ಕಡಿಮೆ.

ಮನೆಗಳಲ್ಲಿಯೂ ಹೀಗೆಯೇ ಆಗಿದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದ ಜೈನ ಕನ್ನಡ ಕುಟುಂಬಗಳು ಮಕ್ಕಳಿಗೆ ಅಕ್ಷರ ಕಲಿಸುವುದರಲ್ಲಿ ಹಿಂದೆ ಬಿದ್ದಿಲ್ಲ. ಒಳ್ಳೆಯ ಶಾಲೆ, ಟ್ಯೂಷನ್, ಪ್ರವೇಶ ಪರೀಕ್ಷೆಯ ತರಬೇತಿ ಯಾವುದಕ್ಕೂ ತಂದೆತಾಯಿಯರು ಹಿಂಜರಿಯುವುದಿಲ್ಲ. ಆದರೆ ಮನೆಯ ವರಮಾನ ಎಷ್ಟು, ಸಾಲ ಎಷ್ಟು, ಉಳಿತಾಯ ಎಷ್ಟು ಎಂಬ ಅಂಕೆಗಳನ್ನು ಹದಿನೆಂಟು ವರ್ಷದ ಮಗ ಅಥವಾ ಮಗಳ ಮುಂದೆ ಇಡುವ ಮನೆಗಳು ವಿರಳ. ಕಾಲೇಜಿನ ಶುಲ್ಕಕ್ಕೆ ನೆರವು ಕೇಳುವ ಅರ್ಜಿ ಎದುರಾದಾಗ ಈ ಮೌನಕ್ಕೆ ಬೆಲೆ ತೆರಬೇಕಾಗುತ್ತದೆ. ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ಶಿಕ್ಷಣ ಸಾಲ ಇವುಗಳಲ್ಲಿ ಯಾವುದನ್ನು ಬೇಡಿದರೂ ಅರ್ಜಿಯು ಮೊದಲು ಕೇಳುವುದು ತಂದೆತಾಯಿಯರ ಲೆಕ್ಕವನ್ನು. ಆ ಲೆಕ್ಕವನ್ನು ಸಕಾಲದಲ್ಲಿ, ಸತ್ಯವಾಗಿ, ಮಕ್ಕಳಿಗೆ ತಿಳಿಯುವಂತೆ ಮುಂದಿಡುವುದೇ ತಂದೆತಾಯಿಯರ ಹೊಣೆ. ಉಳಿದ ಕೆಲಸವನ್ನು ಮಕ್ಕಳೇ ಮಾಡಬಲ್ಲರು.

ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ತಂದೆ ನಿಪ್ಪಾಣಿಯ ಕಡೆಯಿಂದ ಬಂದು ಪುಣೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವರು. ತಾಯಿ ಮನೆಯಲ್ಲಿಯೇ ಹೊಲಿಗೆ ಮಾಡುವವರು. ಮಗಳಿಗೆ ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಸ್ಥಾನ ಬಂದಿದೆ. ಸೀಟು ಹಂಚಿಕೆಯಾದ ದಿನ ಶುಲ್ಕದ ಮೊತ್ತ ಕಂಡು ತಂದೆ ಮೌನವಾಗುತ್ತಾರೆ. ಮರುದಿನ, "ಅಷ್ಟು ದೂರದ ಕಾಲೇಜು ಏಕಮ್ಮಾ, ಹತ್ತಿರದಲ್ಲೇ ಬಿ.ಎಸ್‌ಸಿ. ಮಾಡಿದರೆ ಆಗದೇ?" ಎನ್ನುತ್ತಾರೆ. ದೂರ ನೆಪ ಮಾತ್ರ, ಕಾರಣ ಹಣ. ಮಗಳಿಗೆ ಅದು ತಿಳಿಯುವುದಿಲ್ಲ. ತನ್ನ ಮೇಲೆ ತಂದೆಗೆ ನಂಬಿಕೆಯಿಲ್ಲವೆಂದೋ, ಹೆಣ್ಣೆಂದು ತಡೆಯುತ್ತಿದ್ದಾರೆಂದೋ ಅವಳು ತಿಳಿಯುತ್ತಾಳೆ. ಆ ಮನೆಯ ವರಮಾನಕ್ಕೆ ಅರ್ಧವೋ ಪೂರ್ತಿಯೋ ಬೋಧನಾ ಶುಲ್ಕದ ನೆರವು ಸಿಗಬಹುದಾಗಿತ್ತು. ಅರ್ಜಿಯೇ ಹೋಗಲಿಲ್ಲ. ಸೀಟು ಬೇರೆಯವರ ಪಾಲಾಯಿತು. ತಂದೆಯ ಮಾನ ಉಳಿಯಿತೆಂದು ತಂದೆ ಭಾವಿಸಿದರು; ಮಗಳ ಮನಸ್ಸಿನಲ್ಲಿ ಅದು ಉಳಿಯಲಿಲ್ಲ.

ಹೀಗೆ ಬಡತನವನ್ನು ಮುಚ್ಚಿಡುವುದು ಮೊದಲನೆಯ ತಪ್ಪು. ಜೈನರೆಂದರೆ ಸಿರಿವಂತರೆಂಬ ಮಾತು ದೇಶದಲ್ಲೆಲ್ಲ ಹಬ್ಬಿದೆ. ದಕ್ಷಿಣದ ಜೈನರಲ್ಲಿ ಬಹುಮಂದಿ ಒಕ್ಕಲುತನದವರು, ಸಣ್ಣ ಅಂಗಡಿಯವರು, ಕೂಲಿಯವರು, ಗುಮಾಸ್ತರು. ಹೊರಗಿನವರ ಮಾತನ್ನು ನಂಬಿ ಮನೆಯವರೇ ಆ ವೇಷವನ್ನು ತೊಟ್ಟಾಗ, ನೆರವು ಬೇಕಾದವನು ಸ್ವಂತ ಸಮಾಜದ ಕಣ್ಣಿಗೂ ಕಾಣದಂತಾಗುತ್ತಾನೆ.

ನೆರವು ಪಡೆದು ಓದುವುದರಲ್ಲಿ ನಾಚಿಕೆಯೇನಿದೆ? ಈ ಸಮಾಜದ ಆಧುನಿಕ ವಿದ್ಯಾಭ್ಯಾಸವು ನಿಂತಿರುವುದೇ ಪರರ ನೆರವಿನ ಮೇಲೆ. 1899ರಲ್ಲಿ ಆರಂಭವಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ವಿದ್ಯಾರ್ಥಿನಿಲಯಗಳನ್ನು ನಡೆಸಿತು. ರಾಜರ್ಷಿ ಶಾಹು ಮಹಾರಾಜರು ಕೊಲ್ಹಾಪುರದಲ್ಲಿ ಒಂದೊಂದು ಸಮುದಾಯದ ಬಡ ಮಕ್ಕಳಿಗೂ ವಿದ್ಯಾರ್ಥಿನಿಲಯಗಳಾಗುವಂತೆ ಆಸರೆಯಿತ್ತರು. ಜೈನ ಬೋರ್ಡಿಂಗ್ ಅವುಗಳಲ್ಲಿ ಒಂದು. ಹಳ್ಳಿಯಿಂದ ಬಂದ ಹುಡುಗರು ಅಲ್ಲಿ ಉಂಡು, ಮಲಗಿ, ಓದಿದರು. ಹಾಗೆ ಆ ಬೋರ್ಡಿಂಗಿನಲ್ಲಿದ್ದವರಲ್ಲಿ ಒಬ್ಬರು, ಕುಂಭೋಜದಲ್ಲಿ ಹುಟ್ಟಿದ ಭಾವೂರಾವ್ ಪಾಟೀಲರು. ಅವರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ದುಡಿಯುತ್ತ ಕಲಿಯುವ ಪದ್ಧತಿಯನ್ನು ಬೆಳೆಸಿ, ಎಲ್ಲ ಜಾತಿಯ ಬಡಮಕ್ಕಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರು. ಅವರ ಪತ್ನಿ ಲಕ್ಷ್ಮೀಬಾಯಿಯವರು ಆ ಮಕ್ಕಳ ಊಟಕ್ಕಾಗಿ ಒಡವೆಗಳನ್ನು, ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟರು. ಆ ಊಟ ಉಂಡವರನ್ನು ಯಾರೂ ಭಿಕ್ಷುಕರೆಂದು ಕರೆಯಲಿಲ್ಲ. ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವೂ ಒಂದು. ದಾನ ಕೊಡುವವನಿಗೆ ಪುಣ್ಯವೆಂದ ಧರ್ಮವು ಪಡೆಯುವವನಿಗೆ ಅವಮಾನವೆಂದು ಎಲ್ಲಿಯೂ ಹೇಳಿಲ್ಲ.

ಎರಡನೆಯ ತಪ್ಪು ಇದರ ವಿರುದ್ಧ ದಿಕ್ಕಿನದು: ಇರುವ ವರಮಾನವನ್ನು ಇಲ್ಲವೆನ್ನುವುದು. ವ್ಯಾಪಾರದ ಮನೆಗಳಲ್ಲಿ ನಗದು ವಹಿವಾಟಿದೆ. ಆದಾಯ ಪ್ರಮಾಣಪತ್ರಕ್ಕೆ ಬರೆಯುವ ಅಂಕೆಯೊಂದು, ಮನೆಯ ತಿಜೋರಿ ಬಲ್ಲ ಅಂಕೆ ಇನ್ನೊಂದು ಆಗುವುದುಂಟು. "ಎಲ್ಲರೂ ಹಾಗೆಯೇ ಬರೆಯುತ್ತಾರೆ" ಎಂಬ ಸಮಾಧಾನವೂ ಸಿದ್ಧವಾಗಿರುತ್ತದೆ. ಶ್ರಾವಕನ ಐದು ಅಣುವ್ರತಗಳಲ್ಲಿ ಸತ್ಯವೂ ಅಚೌರ್ಯವೂ ಇವೆ. ಸುಳ್ಳು ಆದಾಯಪತ್ರವು ಒಂದೇ ಸಹಿಯಲ್ಲಿ ಇವೆರಡನ್ನೂ ಮುರಿಯುತ್ತದೆ: ಹೇಳಿದ್ದು ಅಸತ್ಯ, ಪಡೆದದ್ದು ಪರರ ಪಾಲು. ಸಂಖ್ಯೆ ನಿಗದಿಯಾದ ವಿದ್ಯಾರ್ಥಿವೇತನದಲ್ಲಿ ಒಂದು ಸ್ಥಾನ ಅನರ್ಹರಿಗೆ ಹೋದರೆ ಅರ್ಹರೊಬ್ಬರು ಹೊರಗುಳಿಯುತ್ತಾರೆ. ಲೆಕ್ಕ ಬರೆಯುವ ಆ ತಂದೆಯ ಮಗಳೇ ಹಾಗೆ ಹೊರಗುಳಿದವಳಾಗಿರಬಹುದು. ಇನ್ನೂ ದೊಡ್ಡ ನಷ್ಟ ಮನೆಯೊಳಗಿನದು. ರಾತ್ರಿ ಉಣ್ಣದ ವ್ರತವನ್ನು ಮಕ್ಕಳಿಗೆ ಕಲಿಸಿದ ತಂದೆಯೇ ಹಗಲಿನಲ್ಲಿ ಸುಳ್ಳು ಕಾಗದಕ್ಕೆ ಸಹಿ ಹಾಕುವುದನ್ನು ಮಗು ನೋಡುತ್ತದೆ. ಎರಡರಲ್ಲಿ ಯಾವ ಪಾಠ ಉಳಿಯುವುದೆಂದು ಬೇರೆ ಹೇಳಬೇಕಿಲ್ಲ.

ಮೂರನೆಯ ತಪ್ಪು ಅತಿಪ್ರೀತಿಯದು. ಮಗುವಿಗೆ ಓದು ಮಾತ್ರ ಇರಲಿ, ಈ ತಾಪತ್ರಯ ಬೇಡವೆಂದು ತಂದೆ ಯಾರೋ ಏಜೆಂಟನಿಗೆ ಹಣ ಕೊಟ್ಟು ಅರ್ಜಿ ತುಂಬಿಸುತ್ತಾರೆ. ಪಾಸ್‌ವರ್ಡ್ ಏಜೆಂಟನ ಬಳಿ, ಮೊಬೈಲ್ ಸಂಖ್ಯೆಯೂ ಅವನದೇ. ಅರ್ಜಿಯಲ್ಲಿ ದೋಷವಿದೆ, ಸರಿಪಡಿಸಿ ಎಂಬ ಸಂದೇಶ ಬಂದರೆ ಅದು ಮನೆ ಮುಟ್ಟುವುದಿಲ್ಲ. ಮುಂದಿನ ವರ್ಷ ನವೀಕರಣ ಮಾಡಬೇಕೆಂಬುದೂ ಮಗುವಿಗೆ ಗೊತ್ತಿರುವುದಿಲ್ಲ. ಮೊದಲ ವರ್ಷ ಬಂದ ನೆರವು ಎರಡನೆಯ ವರ್ಷ ನಿಂತುಹೋಗುವುದು ಬಹುಮಟ್ಟಿಗೆ ಹೀಗೆಯೇ.

ಹಾಗಾದರೆ ಸರಿಯಾದ ಕ್ರಮವೇನು? ಕೆಲಸವು ಹನ್ನೆರಡನೆಯ ತರಗತಿಯ ಫಲಿತಾಂಶದ ನಂತರ ಆರಂಭವಾಗಬಾರದು. ಹನ್ನೊಂದನೆಯ ತರಗತಿಯಲ್ಲಿಯೇ ಆಗಬೇಕು. ಒಂದು ಸಂಜೆ ತಂದೆತಾಯಿಯರು ಮಕ್ಕಳೊಡನೆ ಕುಳಿತು ಒಂದು ಹಾಳೆಯ ಮೇಲೆ ವರ್ಷದ ವರಮಾನ, ಖರ್ಚು, ತೀರಿಸಬೇಕಾದ ಸಾಲ, ಓದಿಗೆಂದು ತೆಗೆದಿಡಬಹುದಾದ ಹಣ ಇಷ್ಟನ್ನು ಬರೆಯಲಿ. ತಾಯಿಯ ಹೊಲಿಗೆಯ ಸಂಪಾದನೆಯೂ ಆ ಹಾಳೆಯಲ್ಲಿರಲಿ. ಆ ಹಾಳೆಯಿಂದ ಮಗುವಿಗೆ ಭಯ ಹುಟ್ಟೀತೆಂಬುದು ತಂದೆತಾಯಿಯರ ಅಳುಕು. ಹೇಳದೆ ಬಿಟ್ಟ ಕಷ್ಟವನ್ನು ಮಕ್ಕಳು ಹೇಗೂ ಊಹಿಸುತ್ತಾರೆ. ಊಹೆಯು ನಿಜಕ್ಕಿಂತ ಹೆಚ್ಚು ಹೆದರಿಸುತ್ತದೆ.

ಅನಂತರ ಕಾಗದಪತ್ರ. ಪರರಾಜ್ಯದಲ್ಲಿರುವ ಕನ್ನಡ ಕುಟುಂಬಗಳಿಗೆ ಇಲ್ಲಿ ಕೆಲವು ವಿಶೇಷ ತೊಡಕುಗಳಿವೆ. ಮೊದಲನೆಯದು ಹೆಸರು. ಕರ್ನಾಟಕದ ರೂಢಿಯಂತೆ ಹೆಸರಿನ ಮುಂದೆ ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರ ಮಾತ್ರ ಇರುತ್ತದೆ. ಮಹಾರಾಷ್ಟ್ರದ ರೂಢಿಯಂತೆ ತಂದೆಯ ಹೆಸರೂ ಅಡ್ಡಹೆಸರೂ ಪೂರ್ತಿಯಾಗಿರುತ್ತವೆ. ಅಂಕಪಟ್ಟಿಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು, ಬ್ಯಾಂಕಿನ ಖಾತೆಯಲ್ಲಿ ಮತ್ತೊಂದು ಬಗೆ ಇದ್ದರೆ ಅರ್ಜಿ ನಿಂತುಬಿಡುತ್ತದೆ. ಎರಡನೆಯದು ಧರ್ಮದ ಕಲಮು. ಶಾಲೆಯ ದಾಖಲೆಯಲ್ಲಿ ಕೆಲವರಿಗೆ 'ಜೈನ' ಎಂದೂ ಕೆಲವರಿಗೆ 'ಹಿಂದೂ ಜೈನ' ಎಂದೂ ಬರೆದಿರುತ್ತದೆ. ಅಲ್ಪಸಂಖ್ಯಾತರ ಯೋಜನೆಗೆ ಅರ್ಜಿ ಹಾಕುವವರು ಇದನ್ನು ಮೊದಲೇ ನೋಡಿ, ಶಾಲೆ ಬಿಡುವ ಮೊದಲೇ ತಿದ್ದಿಸಿಕೊಳ್ಳುವುದು ಲೇಸು. ಮೂರನೆಯದು ವಾಸಸ್ಥಳ. ಕರ್ನಾಟಕದಲ್ಲಿ ದಿಗಂಬರ ಜೈನರು ಹಿಂದುಳಿದ ವರ್ಗಗಳ 3ಬಿ ಪಟ್ಟಿಯಲ್ಲಿದ್ದಾರೆ. ಆ ಪಟ್ಟಿ ಆ ರಾಜ್ಯಕ್ಕೆ ಸೀಮಿತ. ಊರಿನ ಸಂಬಂಧಿಕರು ಹೇಳುವ 'ಅರಿವು' ಸಾಲ ಯೋಜನೆಯೂ ಕರ್ನಾಟಕದ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಾಗಿ ಇರುವುದು. ಇತ್ತ ಮಹಾರಾಷ್ಟ್ರದ ನೆರವಿಗೆ ಅಲ್ಲಿನ ನಿವಾಸಿ ಪ್ರಮಾಣಪತ್ರ ಬೇಕು. ಅದಕ್ಕೆ ಸಾಮಾನ್ಯವಾಗಿ 15 ವರ್ಷಗಳ ವಾಸದ ಪುರಾವೆ ಕೇಳುತ್ತಾರೆ. ಎರಡು ರಾಜ್ಯಗಳ ನಡುವೆ ಬದುಕುವ ಕುಟುಂಬವು ತಾನು ಯಾವ ರಾಜ್ಯದ ನಿವಾಸಿಯೆಂದು ಅರ್ಜಿಯ ಕೊನೆಯ ದಿನ ಯೋಚಿಸತೊಡಗಿದರೆ ಎರಡೂ ಕಡೆ ಬಾಗಿಲು ಮುಚ್ಚುತ್ತದೆ.

ಇವುಗಳ ಜೊತೆಗೆ ತಹಸೀಲ್ದಾರರ ಆದಾಯ ಪ್ರಮಾಣಪತ್ರ ಬೇಕು. ವಿದ್ಯಾರ್ಥಿಯ ಹೆಸರಿನಲ್ಲಿಯೇ ಬ್ಯಾಂಕ್ ಖಾತೆ ಇರಬೇಕು. ಆ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಸರಕಾರದ ಹಣ ಈಗ ನೇರವಾಗಿ ಖಾತೆಗೆ ಬರುವುದರಿಂದ, ಮಂಜೂರಾದ ಹಣವೂ ಜೋಡಣೆಯಿಲ್ಲದೆ ಹಿಂದಕ್ಕೆ ಹೋಗುವುದುಂಟು.

ಯಾವ ಯಾವ ನೆರವಿದೆ ಎಂಬುದನ್ನು ಕೆಲವು ಉದಾಹರಣೆಗಳಿಂದ ತಿಳಿಯಬಹುದು. ಕೇಂದ್ರ ಸರಕಾರದ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಹಲವು ಯೋಜನೆಗಳು ಒಂದೇ ಕಡೆ ಸಿಗುತ್ತವೆ. ಹನ್ನೆರಡನೆಯ ತರಗತಿಯಲ್ಲಿ ತಮ್ಮ ಮಂಡಳಿಯ ಮೇಲಿನ ಶೇಕಡಾ 20ರೊಳಗೆ ಬಂದ, ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷ ಮೀರದ ವಿದ್ಯಾರ್ಥಿಗಳಿಗೆ ಪದವಿಯ ಹಂತದಲ್ಲಿ ವರ್ಷಕ್ಕೆ 12,000 ರೂಪಾಯಿ, ಸ್ನಾತಕೋತ್ತರ ಹಂತದಲ್ಲಿ 20,000 ರೂಪಾಯಿ ಕೊಡುವ ಯೋಜನೆ ಅವುಗಳಲ್ಲಿ ಒಂದು. ತಾಂತ್ರಿಕ ಶಿಕ್ಷಣ ಪಡೆಯುವ ಹೆಣ್ಣುಮಕ್ಕಳಿಗಾಗಿ ಇರುವ 'ಪ್ರಗತಿ' ವಿದ್ಯಾರ್ಥಿವೇತನವು ವರ್ಷಕ್ಕೆ 50,000 ರೂಪಾಯಿ. ಆದಾಯದ ಮಿತಿ 8 ಲಕ್ಷ. ಒಂದು ಕುಟುಂಬದ ಇಬ್ಬರು ಹೆಣ್ಣುಮಕ್ಕಳಿಗೆ ಸಿಗಬಹುದು. ಐ.ಐ.ಟಿ.ಗಳ ಬಿ.ಟೆಕ್. ಶಿಕ್ಷಣದಲ್ಲಿ ಕುಟುಂಬದ ಆದಾಯ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಬೋಧನಾ ಶುಲ್ಕ ಪೂರ್ತಿ ಮಾಫಿ; 1ರಿಂದ 5 ಲಕ್ಷದವರೆಗೆ ಮೂರನೆಯ ಎರಡು ಭಾಗ ಮಾಫಿ. ಮಹಾರಾಷ್ಟ್ರದಲ್ಲಿ ರಾಜರ್ಷಿ ಶಾಹು ಮಹಾರಾಜರ ಹೆಸರಿನ ಶುಲ್ಕ ಯೋಜನೆಯು 8 ಲಕ್ಷದವರೆಗಿನ ಆದಾಯದ ಮನೆಗಳಿಗೆ, ಕೇಂದ್ರೀಕೃತ ಪ್ರವೇಶದ ಮೂಲಕ ಸೇರಿದ ಮಕ್ಕಳ ಬೋಧನಾ ಶುಲ್ಕದ ಅರ್ಧವನ್ನು ಭರಿಸುತ್ತದೆ. ಆರ್ಥಿಕವಾಗಿ ಹಿಂದುಳಿದ ವರ್ಗ ಮತ್ತು ಇತರ ಹಿಂದುಳಿದ ವರ್ಗಗಳ ಹೆಣ್ಣುಮಕ್ಕಳಿಗೆ ವೃತ್ತಿಶಿಕ್ಷಣದ ಶುಲ್ಕವನ್ನು ಪೂರ್ತಿಯಾಗಿ ಭರಿಸುವ ನಿರ್ಧಾರ 2024ರಲ್ಲಿ ಆಯಿತು. ಮೇಲೆ ಹೇಳಿದ ಪುಣೆಯ ಮಗಳಂಥವರಿಗಾಗಿಯೇ ಇವು ಇರುವುದು.

ನಿಯಮಗಳು ವರ್ಷ ವರ್ಷ ಬದಲಾಗುತ್ತವೆ. ಆದುದರಿಂದ ಹಿಂದಿನ ವರ್ಷ ಮಾವನ ಮಗನಿಗೆ ಏನಾಯಿತೆಂಬುದನ್ನು ನೆಚ್ಚದೆ, ಆ ವರ್ಷದ ಅಧಿಸೂಚನೆಯನ್ನು ತಂದೆತಾಯಿಯರೂ ಮಕ್ಕಳೂ ಕೂಡಿ ಓದಬೇಕು.

ವಿದ್ಯಾರ್ಥಿವೇತನ ಸಾಲದಿದ್ದಾಗ ಶಿಕ್ಷಣ ಸಾಲ. ಇಲ್ಲಿ ತಂದೆತಾಯಿಯರ ಪಾತ್ರ ಇನ್ನೂ ಭಾರವಾದುದು, ಏಕೆಂದರೆ ಸಾಮಾನ್ಯವಾಗಿ ಅವರು ಸಹಸಾಲಗಾರರಾಗಿ ಸಹಿ ಹಾಕಬೇಕು. ತಂದೆ ಎಂದೋ ಕಟ್ಟದೆ ಬಿಟ್ಟ ಸಣ್ಣ ಕಂತೂ ಮಗಳ ಸಾಲಕ್ಕೆ ಅಡ್ಡ ಬರಬಹುದು. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟವು ಒಪ್ಪಿದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಗುರುತಿಸಲಾದ ಉನ್ನತ ದರ್ಜೆಯ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನವಾಗಲಿ ಜಾಮೀನಾಗಲಿ ಇಲ್ಲದೆ ಸಾಲ ಸಿಗುತ್ತದೆ. ಕುಟುಂಬದ ಆದಾಯ 8 ಲಕ್ಷದವರೆಗಿದ್ದು ಬೇರೆ ಸರಕಾರಿ ವಿದ್ಯಾರ್ಥಿವೇತನ ಪಡೆಯದವರಿಗೆ, 10 ಲಕ್ಷದವರೆಗಿನ ಸಾಲದ ಮೇಲೆ ಮರುಪಾವತಿ ಆರಂಭವಾಗುವ ತನಕ ಶೇಕಡಾ 3ರ ಬಡ್ಡಿ ರಿಯಾಯಿತಿಯೂ ಉಂಟು. ಜೈನರೂ ಸೇರಿದಂತೆ ಅಲ್ಪಸಂಖ್ಯಾತರಿಗೆ ರಾಷ್ಟ್ರೀಯ ಅಲ್ಪಸಂಖ್ಯಾತರ ಅಭಿವೃದ್ಧಿ ಮತ್ತು ಹಣಕಾಸು ನಿಗಮವು ರಾಜ್ಯದ ಸಂಸ್ಥೆಗಳ ಮೂಲಕ ಕಡಿಮೆ ಬಡ್ಡಿಯ ಶಿಕ್ಷಣ ಸಾಲ ಕೊಡುತ್ತದೆ.

ಸಾಲಕ್ಕೆ ಸಹಿ ಹಾಕುವ ಮೊದಲು ಅಂಕೆಯ ಪಾಠ ಮತ್ತೊಮ್ಮೆ ಆಗಬೇಕು. ನಾಲ್ಕು ವರ್ಷಗಳ ಓದಿಗೆ ಪ್ರತಿ ವರ್ಷದ ಆರಂಭದಲ್ಲಿ ಎರಡೂವರೆ ಲಕ್ಷದಂತೆ 10 ಲಕ್ಷ ಪಡೆದು, ಓದು ಮುಗಿದು ಒಂದು ವರ್ಷದ ತನಕ ಏನನ್ನೂ ಕಟ್ಟದೆ ಬಿಟ್ಟರೆ, ಶೇಕಡಾ 10ರ ಸರಳ ಬಡ್ಡಿಯಲ್ಲಿಯೂ ಮೂರೂವರೆ ಲಕ್ಷ ಬಡ್ಡಿ ಸೇರುತ್ತದೆ. ಆಗ ಹದಿಮೂರೂವರೆ ಲಕ್ಷವನ್ನು ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 17,800 ರೂಪಾಯಿ ಕಂತು. ಕಂತು ಆರಂಭವಾಗುವ ತನಕ ಬಡ್ಡಿಯನ್ನಷ್ಟೇ ತಂದೆತಾಯಿಯರು ಕಟ್ಟುತ್ತ ಬಂದರೆ ಕಂತು 13,200 ರೂಪಾಯಿಯ ಆಸುಪಾಸಿಗೆ ಇಳಿಯುತ್ತದೆ. ಮೊದಲ ವರ್ಷದ ಬಡ್ಡಿ ತಿಂಗಳಿಗೆ ಎರಡು ಸಾವಿರದ ಹತ್ತಿರ. ನಾಲ್ಕನೆಯ ವರ್ಷಕ್ಕೆ ಎಂಟು ಸಾವಿರ ದಾಟುತ್ತದೆ. ಎಲ್ಲ ಮನೆಗಳಿಗೂ ಇದು ಸಾಧ್ಯವಾಗದು. ಸಾಧ್ಯವಾದಷ್ಟನ್ನು ಮೊದಲೇ ಮಾತಾಡಿಕೊಂಡರೆ ಯಾರ ಪಾಲು ಎಷ್ಟೆಂಬುದು ಸ್ಪಷ್ಟವಾಗುತ್ತದೆ. ಮಗಳ ಮದುವೆಗೆ ಚಿನ್ನ ಕೂಡಿಡುವ ಮನೆ, ಅದೇ ಮಗಳ ಓದಿಗೆ ಸಾಲವೆಂದರೆ ಬೆಚ್ಚುವುದೇಕೆ ಎಂಬ ಪ್ರಶ್ನೆಯೂ ಆ ಮಾತುಕತೆಯಲ್ಲಿ ಬರಲಿ.

ಮಕ್ಕಳ ಪಾಲಿನ ಕೆಲಸವನ್ನು ಮಕ್ಕಳಿಗೇ ಬಿಡಬೇಕು. ಪೋರ್ಟಲಿನಲ್ಲಿ ಅರ್ಜಿ ತುಂಬುವುದು, ಪಾಸ್‌ವರ್ಡ್ ಕಾಯ್ದುಕೊಳ್ಳುವುದು, ಕಾಲೇಜಿನ ಕಚೇರಿಯಲ್ಲಿ ಪರಿಶೀಲನೆ ಆಯಿತೇ ಎಂದು ವಿಚಾರಿಸುವುದು, ಹಾಜರಾತಿ ಮತ್ತು ಅಂಕಗಳ ನಿಯಮ ಪಾಲಿಸಿ ನವೀಕರಿಸುವುದು ಇವೆಲ್ಲ ಅವರವು. ಕಳುಹಿಸುವ ಮೊದಲು ತಂದೆತಾಯಿಯರು ಒಮ್ಮೆ ಓದಿ, ತಮ್ಮ ಅಂಕೆಗಳು ಸರಿಯಿವೆಯೆಂದು ಹೇಳಿದರೆ ಸಾಕು.

ಇಷ್ಟೂ ಮನೆಯ ಮಾತಾಯಿತು. ಸಮಾಜದ ಹೊಣೆಯೂ ಇದೆ. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸ್ಥಾನ ದೊರೆತಾಗ ಊರೂರಿನಲ್ಲಿ ಸನ್ಮಾನಗಳಾದವು. 2022ರಲ್ಲಿ ಅಲ್ಪಸಂಖ್ಯಾತ ಸಂಶೋಧನ ವಿದ್ಯಾರ್ಥಿಗಳ ಮೌಲಾನಾ ಆಜಾದ್ ಫೆಲೋಶಿಪ್ಪನ್ನೂ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯ ನೀಡುತ್ತಿದ್ದ 'ಪಢೋ ಪರದೇಶ್' ಯೋಜನೆಯನ್ನೂ ಕೇಂದ್ರ ಸರಕಾರ ನಿಲ್ಲಿಸಿದಾಗ ಅದೇ ವೇದಿಕೆಗಳಿಂದ ಎಷ್ಟು ದನಿ ಎದ್ದಿತು? ಆ ನೆರವು ಮತ್ತೊಂದು ಸಮುದಾಯದ್ದೆಂಬ ಭಾವನೆ ಸಮಾಜದಲ್ಲಿ ಇದ್ದರೆ ಅದು ಅಜ್ಞಾನ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ವಿದ್ಯಾರ್ಥಿಯ ಪಾಲನ್ನು ಕೇಳುವುದು ಪೌರನ ಕರ್ತವ್ಯ. ಕೇಳಬೇಕಾದರೆ ಮೊದಲು ತನಗೆ ಬೇಕೆಂದು ಒಪ್ಪಿಕೊಳ್ಳಬೇಕು. ಬಡತನವನ್ನು ಮುಚ್ಚಿಟ್ಟ ಸಮಾಜಕ್ಕೆ ಹಕ್ಕೊತ್ತಾಯದ ಬಾಯಿಯೂ ಇರುವುದಿಲ್ಲ.

ಬಸದಿ ಮತ್ತು ಸಂಘಗಳು ಮಾಡಬಹುದಾದದ್ದು ಮೂರು. ಪ್ರತಿ ವರ್ಷ ಪ್ರವೇಶದ ಕಾಲದಲ್ಲಿ ಎರಡು ಭಾನುವಾರ ಬಸದಿಯ ಸಭಾಂಗಣದಲ್ಲಿ ಅರ್ಜಿ ಸಹಾಯದ ಮೇಜು ಇಡಬಹುದು. ನಿವೃತ್ತ ಬ್ಯಾಂಕ್ ನೌಕರರು, ಲೆಕ್ಕಪರಿಶೋಧಕರು, ಕಾಲೇಜಿನ ಹಿರಿಯ ವಿದ್ಯಾರ್ಥಿಗಳು ಅಲ್ಲಿ ಕೂರಬಹುದು. ಪಂಚಕಲ್ಯಾಣದಲ್ಲಿ, ಅಭಿಷೇಕದ ಸವಾಲುಗಳಲ್ಲಿ ಕೂಡಿದ ಹಣದ ಒಂದು ನಿಶ್ಚಿತ ಪಾಲನ್ನು ವಿದ್ಯಾನಿಧಿಗೆ ತೆಗೆದಿಡಬಹುದು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅಂದಿನ ಓಲೆಗರಿಯ ಸ್ಥಾನದಲ್ಲಿ ಇಂದು ಕಾಲೇಜಿನ ಶುಲ್ಕದ ರಸೀತಿಯಿದೆ. ಮೂರನೆಯದು ಎಲ್ಲಕ್ಕಿಂತ ಸುಲಭ, ಆದರೂ ಕಷ್ಟವೆನಿಸುವುದು: ನೆರವು ಪಡೆಯುವ ಮಗುವನ್ನು ವೇದಿಕೆಗೆ ಕರೆದು, ಚೆಕ್ ಹಿಡಿಸಿ, ಫೋಟೋ ತೆಗೆದು, ಹೆಸರು ಅಚ್ಚು ಹಾಕುವ ಪದ್ಧತಿಯನ್ನು ನಿಲ್ಲಿಸುವುದು. ಹಣ ನೇರವಾಗಿ ಖಾತೆಗೆ ಹೋಗಲಿ. ಆ ಒಂದು ಫೋಟೋಗೆ ಹೆದರಿ ಅರ್ಜಿಯನ್ನೇ ಹಾಕದ ಮನೆಗಳು ಇರುತ್ತವೆಂಬುದನ್ನು ದಾನಿಗಳು ಮರೆಯಬಾರದು.

ಪುಣೆಯ ಆ ಮನೆಯನ್ನು ಇನ್ನೊಮ್ಮೆ ಊಹಿಸಿಕೊಳ್ಳಬಹುದು. ಆ ಮಗಳಿಗೆ ಒಬ್ಬ ತಮ್ಮನಿದ್ದಾನೆ; ಅವನೀಗ ಹನ್ನೊಂದನೆಯ ತರಗತಿ. ರಾತ್ರಿಯ ದೀಪದ ಕೆಳಗೆ ತಂದೆ ಒಂದು ಹಾಳೆ ತೆಗೆದು, ಅಂಗಡಿಯ ಸಂಬಳ ಎಷ್ಟೆಂದು ಮೊದಲ ಬಾರಿಗೆ ಮಕ್ಕಳಿಗೆ ಬರೆದು ತೋರಿಸುತ್ತಾರೆ. ತಾಯಿ ಹೊಲಿಗೆಯ ಹಣ ಸೇರಿಸುತ್ತಾರೆ. ಅಕ್ಕ ಹಾಳೆಯನ್ನು ಬಹಳ ಹೊತ್ತು ನೋಡಿ, "ಅಪ್ಪಾ, ಇದನ್ನು ಅಂದೇ ಹೇಳಿದ್ದರೆ ನಾನೇ ಅರ್ಜಿ ಹಾಕುತ್ತಿದ್ದೆನಲ್ಲ" ಎನ್ನುತ್ತಾಳೆ. ತಂದೆಯ ಬಳಿ ಅದಕ್ಕೆ ಉತ್ತರವಿಲ್ಲ. ಆದರೆ ತಮ್ಮನ ಅರ್ಜಿ ಆ ವರ್ಷ ಸಕಾಲದಲ್ಲಿ ಹೋಗುತ್ತದೆ. ಅಕ್ಕನ ಸ್ನಾತಕೋತ್ತರ ಓದಿನ ಅರ್ಜಿಯೂ ಅದರ ಜೊತೆಗೇ.

ಆದಿದೇವನು ಸೌಂದರಿಗೆ ಕಲಿಸಿದ ಅಂಕೆಯು ಪ್ರತಿ ಮನೆಯಲ್ಲಿಯೂ ಹೀಗೆ ಮುಂದುವರಿಯಲಿ.